ಬೀಗದ ಕೈ ಯಾರ ಸೊಂಟದಲ್ಲಿದೆ?



ಹೋದ ವರ್ಷ ನಮ್ಮ ಸಂಘಟನೆಯ ಪೇಜ್ ಕೈತಪ್ಪಿ ಹೋಯ್ತು. ಹ್ಯಾಕರ್ ಬರಲಿಲ್ಲ, ಪೊಲೀಸರೂ ಬರಲಿಲ್ಲ. ಪಾಸ್‌ವರ್ಡ್ ಇದ್ದದ್ದು ಒಬ್ಬನೇ ಹುಡುಗನ ಫೋನಲ್ಲಿ. ಅವನಿಗೂ ನಮಗೂ ಮಾತು ಬಿಟ್ಟಿತು. ಆರು ವರ್ಷದ ಫೋಟೊ, ಭಾಷಣ, ದೌರ್ಜನ್ಯದ ವಿಡಿಯೊ ಎಲ್ಲಾ ಅಲ್ಲೇ ಉಳೀತು. ತಪ್ಪು ನಮ್ಮದು. "ಕಂಪ್ಯೂಟರ್ ಅವನಿಗೆ ಗೊತ್ತು, ಅವನೇ ನೋಡ್ಕೊಳ್ಳಲಿ" ಅಂತ ಬಿಟ್ಟವರು ನಾವೇ.

ನಮ್ಮ ತಾತ ಹೆಬ್ಬೆಟ್ಟು ಒತ್ತಿದ. ಪುಸ್ತಕ ಶಾನುಭೋಗರ ಮನೇಲಿತ್ತು, ಒಳಗೇನು ಬರೆದಿದೆ ಅಂತ ಕೇಳೋ ಹಾಗಿರಲಿಲ್ಲ. ಮೊಮ್ಮಕ್ಕಳಾದ ನಾವು "ಐ ಅಗ್ರಿ" ಒತ್ತುತ್ತಿದ್ದೇವೆ. ಹೆಬ್ಬೆಟ್ಟು ಅದೇ, ಪುಸ್ತಕ ಮಾತ್ರ ದೇಶ ದಾಟಿದೆ. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ಪ್ರತಿಗಳನ್ನೇ ಕಳ್ಳರು ಎತ್ಕೊಂಡು ಹೋದರು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು. ಯಾರು ಯಾವ ವೆಬ್‌ಸೈಟ್ ಬಳಸ್ತಾರೆ ಅನ್ನೋ ವಿಳಾಸಗಳು ತೆರೆದೇ ಇದ್ದವು.

ಅದಕ್ಕೇ ಈಗ ನಮ್ಮನೆ ಟಿವಿ ಪಕ್ಕ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಕೂತಿದೆ. ಅದರಲ್ಲಿ ವಾಲ್ಟ್‌ವಾರ್ಡನ್ ಅನ್ನೋ ಮುಕ್ತ ತಂತ್ರಾಂಶ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಫೋನಿನ ಬಿಟ್‌ವಾರ್ಡನ್ ಆಪ್ ಇದಕ್ಕೇ ಜೋಡಿಸಬಹುದು. ಐದು ಜನ ಹಂಚ್ಕೊಂಡಿದೀವಿ. ಯಾರಾದ್ರೂ ಬಿಟ್ಟು ಹೋದ್ರೆ ಹೆಸರು ತೆಗೆದು, ಪಾಸ್‌ವರ್ಡ್ ಬದಲಾಯಿಸಿದ್ರೆ ಆಯ್ತು. ಹೊರಗಿಂದ ಬರೋಕೆ ವಿಪಿಎನ್ ಒಂದೇ ದಾರಿ. ಕರೆಂಟ್ ಹೋದ್ರೂ ಫೋನಲ್ಲಿರೋ ಪ್ರತಿ ನೋಡಬಹುದು.

"ಇದೆಲ್ಲಾ ಸಾಫ್ಟ್‌ವೇರ್ ಹುಡುಗರ ಶೋಕಿ, ನಮಗ್ಯಾಕಣ್ಣ?" ಅಂತಾರೆ. ಈ "ನಮಗ್ಯಾಕೆ" ಅನ್ನೋದನ್ನ ನಮಗೆ ಕಲಿಸಿದವರು ಯಾರು? ಅಕ್ಷರದ ವಿಷಯದಲ್ಲೂ ಇದನ್ನೇ ಕಲಿಸಿದ್ದರು. 1920ರಲ್ಲಿ ಬಾಬಾಸಾಹೇಬರು ಮೂಕನಾಯಕ ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದ್ರೂ ಕೇಸರಿ ಪತ್ರಿಕೆ ಜಾಹೀರಾತು ಹಾಕಲಿಲ್ಲ. ಪತ್ರಿಕೆ ಯಾಕೆ ನಮ್ಮದೇ ಇರಬೇಕು ಅನ್ನೋದಕ್ಕೆ ಬೇರೆ ಉತ್ತರ ಬೇಕಾ?

"ಮುಚ್ಚಿಡೋಕೆ ನಮ್ಮತ್ರ ಏನಿದೆ?" ಅಂತಲೂ ಕೇಳ್ತಾರೆ. ಅಟ್ರಾಸಿಟಿ ಕೇಸಿನ ಹೆಣ್ಣುಮಗಳ ಹೇಳಿಕೆ, ಸಾಕ್ಷಿಗಳ ಫೋನ್ ನಂಬರ್ ನಿಮ್ಮ ಇಮೇಲಲ್ಲಿದೆ. ಅದು ನಿಮ್ಮ ಗುಟ್ಟಲ್ಲ, ಅವರ ಜೀವ. ಅದಕ್ಕೆ ಹಾಕಿರೋ ಬೀಗ "ಜೈಭೀಮ್1891"!

ಇದು ತಾಯತ ಅಲ್ಲ. ಭೀಮಾ ಕೋರೆಗಾಂವ್ ಕೇಸಲ್ಲಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿಗೆ ಹೊರಗಿಂದ ಕಡತ ತುರುಕಲಾಗಿತ್ತು ಅಂತ ಅಮೆರಿಕದ ಆರ್ಸೆನಲ್ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ಯಂತ್ರದೊಳಗೇ ಶತ್ರು ಹೊಕ್ಕರೆ ಯಾವ ಪೆಟ್ಟಿಗೆಯೂ ಕಾಯಲ್ಲ.

ಇನ್ನೊಂದು ಭಯ ನನ್ನ ಬಗ್ಗೆಯೇ ಇದೆ. ಪೈ ನನ್ನ ಮನೇಲಿದೆ ಅಂತ ನಾನೇ ಹೊಸ ಶಾನುಭೋಗ ಆಗಬಾರದು. ಅದಕ್ಕೇ ಬ್ಯಾಕಪ್ ಪೆನ್‌ಡ್ರೈವ್ ಸಂಘಟನೆಯ ಇನ್ನೊಬ್ಬ ಅಕ್ಕನ ಮನೇಲಿದೆ. ಮೊದಲಿಂದ ಕೊನೇವರೆಗೂ ಹೇಗೆ ಮಾಡೋದು ಅಂತ ಕನ್ನಡದಲ್ಲಿ ಬರೆದ ಹಾಳೆಯೂ ಜೊತೆಗಿದೆ. ಹೋದ ತಿಂಗಳು ಅವರೇ ಅದನ್ನ ನೋಡ್ಕೊಂಡು ಬೇರೆ ಯಂತ್ರದಲ್ಲಿ ಎಲ್ಲಾ ವಾಪಸ್ ತಂದ್ರು, ನಾನು ಕೈ ಹಾಕಲಿಲ್ಲ.

ಬ್ಯಾಕಪ್, ಅಪ್‌ಡೇಟ್ ನೋಡ್ಕೊಳ್ಳೋಕೆ ಇಬ್ಬರು ಸಿಗದಿದ್ರೆ ಮನೇಲಿ ಸರ್ವರ್ ಇಡಬೇಡಿ, ಬಿಟ್‌ವಾರ್ಡನ್ ಕಂಪನಿಯದ್ದನ್ನೇ ಬಳಸಿ. ವಾಟ್ಸಾಪ್ ಗುಂಪಿಗೆ ಪಾಸ್‌ವರ್ಡ್ ಹಾಕೋದನ್ನ ಮಾತ್ರ ಇವತ್ತೇ ನಿಲ್ಲಿಸಿ.

ಮುಂದಿನ ಮೀಟಿಂಗಲ್ಲಿ ಮೊದಲು ಒಂದೇ ಪ್ರಶ್ನೆ ಕೇಳಿ: ನಮ್ಮ ಪಾಸ್‌ವರ್ಡ್ ಯಾರತ್ರ ಇದೆ? ಉತ್ತರ ಒಂದೇ ಹೆಸರಾದ್ರೆ, ಆ ಹೆಸರು ನಿಮ್ಮದೇ ಆದ್ರೂ ಸರಿ, ಅವತ್ತೇ ಕೆಲಸ ಶುರು ಮಾಡಿ.

ಜೈ ಭೀಮ್.