ಆಟ ಪರದೆಯ ಮೇಲೆ, ಮಕ್ಕಳು ಬೆಂಚಿನ ಮೇಲೆ



ಕಳೆದ ವರ್ಷ ಶಿಡ್ಲಘಟ್ಟದ ಕಡೆಯ ಒಂದು ಶಾಲೆಗೆ ನಾವು ಹೋಗಿದ್ದೆವು. ಶಾಲೆಯ ಹೆಸರು ಇಲ್ಲಿ ಬೇಡ. ವೇಳಾಪಟ್ಟಿಯಂತೆ ಅದು ದೈಹಿಕ ಶಿಕ್ಷಣದ ಅವಧಿ. ಆದರೆ ಅಂಗಳ ಬರಿದಾಗಿತ್ತು. ಮಕ್ಕಳೆಲ್ಲರೂ ಕೊಠಡಿಯೊಳಗೆ ಕೈಕಟ್ಟಿ ಕುಳಿತು ಗೋಡೆಯ ಮೇಲೆ ಮೂಡುತ್ತಿದ್ದ ಚಿತ್ರವನ್ನು ನೋಡುತ್ತಿದ್ದರು. ಯಾವುದೋ ಪರದೇಶದ ಮಕ್ಕಳು ಹಸಿರು ಹುಲ್ಲಿನ ಮೇಲೆ ರಿಲೇ ಓಡುತ್ತಿದ್ದರು. ಉಪಾಧ್ಯಾಯರು ಅಭಿಮಾನದಿಂದ, "ಬುದ್ಧಿ, ಈಗ ಎಲ್ಲ ಆಟಗಳೂ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ" ಎಂದರು. ಸಿಗುತ್ತವೆ, ನಿಜ. ಆದರೆ ಓಡಿದವರು ಯಾರು? ಬೆವರಿದವರು ಯಾರು?

ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕೇಂದ್ರ ಸರ್ಕಾರವು 2019ರಲ್ಲಿ ಫಿಟ್ ಇಂಡಿಯಾ ಆಂದೋಲನವನ್ನು ಆರಂಭಿಸಿತು. 2021ರಲ್ಲಿ ಅದರ ಮೊಬೈಲ್ ಆ್ಯಪ್ ಬಂದಿತು. ಶಿಕ್ಷಕರಿಗೆ ದೀಕ್ಷಾ ಜಾಲತಾಣವೂ ಇದೆ. ತರಬೇತಿಯಿಲ್ಲದ ಉಪಾಧ್ಯಾಯರೊಬ್ಬರು ಹಿಂದಿನ ರಾತ್ರಿ ಹೊಸ ಆಟವೊಂದನ್ನು ಇವುಗಳಲ್ಲಿ ಹುಡುಕಿ ಕಲಿತುಕೊಂಡರೆ ಅದು ಮೆಚ್ಚತಕ್ಕ ಕೆಲಸವೇ ಸರಿ. ನಮ್ಮ ಆಕ್ಷೇಪವಿರುವುದು, ಆಟದ ವಿವರ ದೊರೆತ ಮಾತ್ರಕ್ಕೆ ಆಟ ಕಲಿಸಿದಂತಾಯಿತೆಂದು ತಿಳಿಯುವ ಭ್ರಮೆಯ ಮೇಲೆ. ಅಡಿಗೆಯ ಪುಸ್ತಕವನ್ನು ಓದಿ ಹಸಿವು ಹಿಂಗಿಸಿಕೊಂಡವರುಂಟೇ?

ಅಂತರ್ಜಾಲದಲ್ಲಿ ಆಟಗಳಿಗೆ ಬರವಿಲ್ಲ. ಆರಿಸುವ ವಿವೇಕಕ್ಕೆ ಬರ. ಯಾವ ಆಟವನ್ನಾದರೂ ಆರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ಎಲ್ಲ ಮಕ್ಕಳೂ ಓಡಾಡುತ್ತಾರೆಯೇ? ನಲವತ್ತು ಮಕ್ಕಳನ್ನು ಹತ್ತು ಹತ್ತರ ನಾಲ್ಕು ಸಾಲಾಗಿ ನಿಲ್ಲಿಸಿ ರಿಲೇ ಓಡಿಸಿದರೆ, ಒಬ್ಬನು ಓಡುವಾಗ ಒಂಬತ್ತು ಮಂದಿ ನಿಂತಿರುತ್ತಾರೆ. ಅದೇ ಮಕ್ಕಳನ್ನು ಐದೈದರ ಎಂಟು ತಂಡಗಳನ್ನಾಗಿ ಮಾಡಿ, ಪ್ರತಿ ತಂಡದ ಮೂವರನ್ನು ಈಚೆಗೂ ಇಬ್ಬರನ್ನು ಇಪ್ಪತ್ತು ಹೆಜ್ಜೆ ಆಚೆಗೂ ಎದುರುಬದುರಾಗಿ ನಿಲ್ಲಿಸಿರಿ. ಕಾಯುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಾನೂರು ಮೀಟರಿನ ಓಟದ ಪಥವೂ ಬೇಕಿಲ್ಲ, ದೇವಸ್ಥಾನದ ಮುಂದಿನ ಬಯಲು ಸಾಕು.

ಎರಡನೆಯದು: ಸೋತ ಮಗುವಿನ ಗತಿಯೇನು? ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಬಹು ಪ್ರಿಯವಾದ ಕುರ್ಚಿ ಆಟವನ್ನೇ ನೋಡಿರಿ. ಮೊದಲು ಹೊರಬೀಳುವವನು ಎಲ್ಲರಿಗಿಂತ ನಿಧಾನಿ. ಯಾರಿಗೆ ಓಟದ ಅಭ್ಯಾಸ ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವನನ್ನೇ ಮೂಲೆಯಲ್ಲಿ ಕೂರಿಸುವುದು ಯಾವ ಶಿಕ್ಷಣ? ಓದು ಬಾರದ ಮಗುವಿನ ಕೈಯಿಂದ ಪುಸ್ತಕ ಕಸಿದುಕೊಳ್ಳುತ್ತೇವೆಯೇ?

ಮೂರನೆಯದು: ಸಾಧನ ನಮ್ಮ ಊರಿನಲ್ಲಿದೆಯೇ? ಪರದೇಶದ ಆಟಗಳು ಬಣ್ಣದ ಶಂಕುಗಳನ್ನೂ ಪ್ಲಾಸ್ಟಿಕ್ ಬಳೆಗಳನ್ನೂ ಕೇಳುತ್ತವೆ. ಅವು ಇಲ್ಲವೆಂದು ಆಟ ನಿಲ್ಲಬೇಕೇ? ರಿಲೇ ಕೋಲಿನ ಉದ್ದ ಒಂದಡಿಗೆ ತುಸು ಕಡಿಮೆ. ನಮ್ಮ ಜಿಲ್ಲೆಯಲ್ಲಿ ನೀಲಗಿರಿ ಕೊಂಬೆಗೆ ಕೊರತೆಯೇ? ಹಿಡಿಯಲು ಎಸೆಯಲು ಹುಣಿಸೆಬೀಜ ತುಂಬಿದ ಬಟ್ಟೆಯ ಚೀಲವಾಗುತ್ತದೆ. ಗುರುತಿಗೆ ಕಲ್ಲು ಸಾಕು. ರೇಷ್ಮೆ ಸಾಕುವ ಮನೆಯ ಮಕ್ಕಳು ಹಿಪ್ಪುನೇರಳೆ ಸೊಪ್ಪಿನ ಪುಟ್ಟಿ ಹೊತ್ತು ಓಡುವ ಪಂದ್ಯವನ್ನೇ ಆಡಲಿ. ಲಗೋರಿಗೆ ಒಡೆದ ಹೆಂಚು, ಕುಂಟೆಬಿಲ್ಲೆಗೆ ನೆಲದ ಮೇಲೊಂದು ಗೀಟು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಬಾಗೇಪಲ್ಲಿ, ಚಿಂತಾಮಣಿ ಕಡೆಯ ಮಕ್ಕಳಿಗೆ ಎರಡು ನುಡಿಗಳ ಆಟಗಳೂ ದಕ್ಕುವ ಭಾಗ್ಯವುಂಟು. ಅವನ್ನು ಮೊದಲು ಅಜ್ಜಿಯ ಬಾಯಿಂದ ಕೇಳೋಣ.

ದೇಶೀ ಆಟವೆಂದರೆ ಹಳ್ಳಿಗರ ಕಾಲಕ್ಷೇಪವೆಂದು ಮೂಗು ಮುರಿಯುವವರಿಗೆ ಒಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಪ್ರಥಮ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಎರಡು ಕಂಬ ಮತ್ತು ಒಂದಿಷ್ಟು ಮಣ್ಣಿನ ನೆಲ ಬೇಡುವ ಆಟವದು. ಇತ್ತ ನಮ್ಮ ಎಷ್ಟೋ ಶಾಲೆಗಳಲ್ಲಿ ಆಟದ ಅವಧಿಗೆ ಹೆಣ್ಣುಮಕ್ಕಳು ಮರದ ನೆರಳಿನಲ್ಲಿ ಕುಳಿತಿರುವುದನ್ನು ನೋಡಿಯೂ ನಾವು ಸುಮ್ಮನಿದ್ದೇವೆ.

ಹಾಗಾದರೆ ನಿಜವಾದ ಕೊರತೆ ಯಾವುದು? ಹೊತ್ತು, ಬಯಲು, ಗುರು ಈ ಮೂರೇ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಆಟದ ಮೈದಾನವಿರಬೇಕೆಂದು ವಿಧಿಸಿದೆ. ಆದರೆ ಆರರಿಂದ ಎಂಟನೆಯ ತರಗತಿಗಳಿಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕನನ್ನು ಅದು ವಿಧಿಸಿರುವುದು ಮಕ್ಕಳ ಸಂಖ್ಯೆ ನೂರನ್ನು ಮೀರಿದಾಗ ಮಾತ್ರ. ಮೂವತ್ತು ಮಕ್ಕಳಿರುವ ಹಳ್ಳಿಯ ಶಾಲೆಯ ಮಗುವಿಗೆ ಕೈಕಾಲುಗಳಿಲ್ಲವೇ?

ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವ ಹಕ್ಕು ನಮಗೂ ಇಲ್ಲ. ಹತ್ತನೆಯ ತರಗತಿಯ ಫಲಿತಾಂಶದ ಆಸೆಗೆ ಆಟದ ಅವಧಿಯನ್ನು ಗಣಿತಕ್ಕೆ ಕೊಟ್ಟಿದ್ದು ಮಠಗಳ ಶಾಲೆಗಳಲ್ಲಿಯೂ ನಡೆದಿದೆ. ಬಯಲಿನಲ್ಲಿ ಹೊಸ ಕಟ್ಟಡ ಎಬ್ಬಿಸಿ ಅದನ್ನು ಪ್ರಗತಿಯೆಂದು ಕರೆದಿದ್ದೂ ಉಂಟು. ಅಂಥ ಶಂಕುಸ್ಥಾಪನೆಗಳಲ್ಲಿ ನಾವೇ ಆಶೀರ್ವಚನ ನೀಡಿದ್ದೇವೆ. ಆ ತಪ್ಪನ್ನು ಒಪ್ಪಿಕೊಂಡೇ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಹಳೆಯ ವಿದ್ಯಾರ್ಥಿಗಳೇ, ಶಾಲೆಗೆ ಕಂಪ್ಯೂಟರು ಕೊಡಿಸುವ ಉದಾರಿಗಳು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಅದು ಸಂತೋಷ. ಅದರ ಜೊತೆಗೆ ಒಂದು ಶನಿವಾರ ನಿಮ್ಮೂರಿನ ಶಾಲೆಗೆ ಹೋಗಿ, ಉಪಾಧ್ಯಾಯರ ಅನುಮತಿ ಪಡೆದು, ನೀವು ಬಾಲ್ಯದಲ್ಲಿ ಆಡಿದ ಒಂದು ಆಟವನ್ನು ಮಕ್ಕಳಿಗೆ ಆಡಿ ತೋರಿಸಿರಿ. ಶಾಲೆಯ ಬಯಲನ್ನು ಯಾರಾದರೂ ಒತ್ತುವರಿ ಮಾಡಿದರೆ ಎದ್ದು ನಿಂತು ಕೇಳಿರಿ. ಪೋಷಕರ ಸಭೆಯಲ್ಲಿ ಅಂಕಗಳ ವಿಷಯ ಮುಗಿದ ಮೇಲೆ, "ನಮ್ಮ ಮಗು ಈ ವಾರ ಎಷ್ಟು ಹೊತ್ತು ಆಡಿತು?" ಎಂದೂ ಕೇಳಿರಿ.

ರಿಲೇ ಓಟದಲ್ಲಿ ಕೋಲು ಕೈಗೆ ಬಂದ ಮೇಲೆ ಓಡಲಾರಂಭಿಸುವವನು ಹಿಂದೆ ಬೀಳುತ್ತಾನೆ. ಅದು ಬರುವ ಮೊದಲೇ ಹೆಜ್ಜೆ ಕಿತ್ತಿರಬೇಕು. ಸರ್ಕಾರದ ಆಜ್ಞೆ ಬರಲಿ ಎಂದು ಕಾಯುತ್ತ ನಿಲ್ಲುವುದು ಬೇಡ. ಬರುವ ಶನಿವಾರವೇ ಮಕ್ಕಳು ಅಂಗಳಕ್ಕಿಳಿಯಲಿ.