ಹೆಸರು ಬದಲಾಯಿತು, ಗಂಟೆ ಉಳಿಯಿತು

ಎರಡು ವರ್ಷಗಳ ಹಿಂದೆ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ, ಅಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯವನ್ನು ತೋರಿಸಲು ಕರೆದೊಯ್ದ. "ಸಾರ್, ಇಲ್ಲಿ ಓದಿದ ಎಂಜಿನಿಯರುಗಳು ಸಿಲಿಕಾನ್ ಕಣಿವೆಯ ತುಂಬ ಇದ್ದಾರೆ" ಎಂದು ಅಭಿಮಾನದಿಂದ ಹೇಳಿದ. ನನ್ನ ದೃಷ್ಟಿ ಮಾತ್ರ ಆವರಣದಲ್ಲಿದ್ದ ಹಳೆಯ ಗಂಟೆಯ ಮೇಲೆ ನಿಂತಿತು. ಅದರ ಮೇಲಿರುವುದು ವಿಶ್ವವಿದ್ಯಾಲಯದ ಹೆಸರಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ನಾರ್ಮಲ್ ಸ್ಕೂಲ್, 1881.

ನಾರ್ಮಲ್ ಸ್ಕೂಲ್ ಎಂದರೆ ಶಿಕ್ಷಕರ ತರಬೇತಿ ಶಾಲೆ. ನಮ್ಮ ಹಿರಿಯರ ಕಾಲದ ಮೈಸೂರು ಸೀಮೆಯಲ್ಲಿಯೂ ಈ ಹೆಸರು ಬಳಕೆಯಲ್ಲಿತ್ತು. ಫ್ರೆಂಚ್ ಮೂಲದ ಈ ಹೆಸರಿನಲ್ಲಿ 'ನಾರ್ಮಲ್' ಎಂಬುದಕ್ಕೆ ಸಾಧಾರಣವೆಂಬ ಅರ್ಥವಿಲ್ಲ. ಬೋಧನೆಗೊಂದು ಮಾದರಿ, ಒಂದು ಕ್ರಮ ಉಂಟೆಂಬ ಭಾವವಿದೆ.

ಈ ಶಾಲೆಯ ಬೇರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ. 1857ರಲ್ಲಿ ಜಾರ್ಜ್ ಮಿನ್ಸ್ ಎಂಬವರ ಮುಂದಾಳತ್ವದಲ್ಲಿ, ನಗರದ ಶಿಕ್ಷಕರಿಗಾಗಿ ಸಂಜೆಯ ತರಗತಿಗಳು ಆರಂಭವಾದವು. 1862ರಲ್ಲಿ ರಾಜ್ಯ ಸರ್ಕಾರ ಅದನ್ನು ವಹಿಸಿಕೊಂಡಿತು. 1871ರಲ್ಲಿ ಶಾಲೆ ಸ್ಯಾನ್ ಹೋಸೆಗೆ ಬಂತು. 1880ರಲ್ಲಿ ಕಟ್ಟಡ ಬೆಂಕಿಗೆ ಆಹುತಿಯಾಯಿತು, ಮತ್ತೆ ಕಟ್ಟಿದರು. ಆ ಕಾಲದ್ದೇ ಈ ಗಂಟೆ. 1882ರಲ್ಲಿ ಲಾಸ್ ಏಂಜಲೀಸಿನಲ್ಲಿ ತೆರೆದ ಇದರ ಶಾಖೆಯೇ 1919ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿ, ಇಂದು ಯುಸಿಎಲ್‌ಎ ಎಂದು ಜಗತ್ಪ್ರಸಿದ್ಧವಾಗಿದೆ. ತಾಯಿಶಾಲೆ 1921ರಲ್ಲಿ ಶಿಕ್ಷಕರ ಕಾಲೇಜಾಯಿತು, 1935ರಲ್ಲಿ ಸ್ಟೇಟ್ ಕಾಲೇಜಾಯಿತು, 1972ರಲ್ಲಿ ವಿಶ್ವವಿದ್ಯಾಲಯವಾಯಿತು.

ಇದನ್ನು ಎಲ್ಲರೂ ಬೆಳವಣಿಗೆಯ ಕಥೆಯೆಂದು ಹೇಳುತ್ತಾರೆ. ಹೌದು, ಬೆಳವಣಿಗೆಯೇ. ಎಷ್ಟೋ ಬಗೆಯ ವಿದ್ಯೆಗಳಿಗೆ ಅಲ್ಲಿ ಬಾಗಿಲು ತೆರೆಯಿತು. ಆದರೆ 'ಶಿಕ್ಷಕ' ಎಂಬ ಪದ ಫಲಕದಿಂದ ಇಳಿದದ್ದನ್ನೇ ಏರಿಕೆಯೆಂದು ಎಣಿಸುವುದನ್ನು ನಾನು ಒಪ್ಪಲಾರೆ. ಆ ರಾಜ್ಯ ಶಿಕ್ಷಕರ ಶಾಲೆಯನ್ನು ವಹಿಸಿಕೊಂಡದ್ದು 1862ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ್ದು 1868ರಲ್ಲಿ. ಮೊದಲು ಅಕ್ಷರ ಕಲಿಸುವವರು, ಆಮೇಲೆ ಪಂಡಿತರು. ಆ ಜನರಿಗೆ ಕ್ರಮ ತಿಳಿದಿತ್ತು.

ಹಿಂತಿರುಗುವಾಗ ಕಾರಿನಲ್ಲಿ ನನ್ನ ಶಿಷ್ಯ ಸ್ವಲ್ಪ ಹೊತ್ತು ಮೌನವಾಗಿದ್ದು, ಬಳಿಕ ಹೇಳಿದ: "ಸಾರ್, ಮಗಳು ಪ್ರೈಮರಿ ಸ್ಕೂಲ್ ಟೀಚರ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ನೀವೇ ಅವಳಿಗೆ ಸ್ವಲ್ಪ ಬುದ್ಧಿ ಹೇಳಿ."

ನಾನು ಬಿ.ಎಡ್. ಸೇರಿದಾಗ ಬಂಧುಗಳೊಬ್ಬರು ಮದುವೆಮನೆಯ ಪಂಕ್ತಿಯಲ್ಲಿ, "ಬೇರೇನೂ ಸಿಗಲಿಲ್ವೇನಪ್ಪಾ?" ಎಂದು ಕೇಳಿದ್ದರು. ಪಕ್ಕದಲ್ಲಿದ್ದ ತಂದೆಯವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅದೇ ಪ್ರಶ್ನೆ ಇಷ್ಟು ವರ್ಷಗಳ ಮೇಲೆ, ನಾನೇ ಪಾಠ ಹೇಳಿದ ಹುಡುಗನ ಬಾಯಿಂದ ಬೇರೆ ರೂಪದಲ್ಲಿ ಬಂದಿತ್ತು. ಅವನಿಗೆ ನನ್ನನ್ನು ನೋಯಿಸುವ ಉದ್ದೇಶವಿರಲಿಲ್ಲ. ನನ್ನ ಮೇಲೆ ಅಪಾರ ಗೌರವವುಳ್ಳವನು. ಗೌರವ ಗುರುವಿಗೆ, ವೃತ್ತಿಗಲ್ಲ. ನೋವಿರುವುದು ಅಲ್ಲಿಯೇ.

"ಬುದ್ಧಿ ಹೇಳಬೇಕಾದದ್ದು ಅವಳಿಗಲ್ಲ ಕಣಯ್ಯಾ" ಎಂದೆ. ಅವನು ನಕ್ಕ, ಮತ್ತೆ ಆ ಮಾತು ಎತ್ತಲಿಲ್ಲ.

ಆ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಶಿಕ್ಷಣ ಕಾಲೇಜು ಇದೆ, ಇಂದಿಗೂ ಶಿಕ್ಷಕರನ್ನು ತಯಾರು ಮಾಡುತ್ತಾರೆ. ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಯ ಮಗುವೊಂದು ಮೇಷ್ಟರಾಗುತ್ತೇನೆ ಎಂದರೆ, ಬೇರೇನೂ ಸಿಗಲಿಲ್ಲವೇ ಎಂದು ದಯವಿಟ್ಟು ಕೇಳಬೇಡಿ.