ಆನೆಗೊಂದಿಯ ಎಲ್ಲೆಗೆರೆ
ತುಂಗಭದ್ರೆಯ ಉತ್ತರ ತೀರದಲ್ಲಿ, ಬಂಡೆಗಲ್ಲುಗಳ ಬೆಟ್ಟಗಳಿಂದ ಪರಿವೃತವಾಗಿರುವ ಆನೆಗೊಂದಿಯನ್ನು ಕೇವಲ ಸ್ಮಾರಕಗಳ ಸಮುಚ್ಚಯವೆಂದು ಎಣಿಸುವುದು ಯುಕ್ತವಲ್ಲ. ಏಕೆಂದರೆ ಗಗನ ಮಹಲಿನ ಆಸುಪಾಸಿನ ಬೀದಿಗಳಲ್ಲಿ ಜನರು ಇಂದಿಗೂ ಸಂಸಾರ ಹೂಡಿಕೊಂಡಿದ್ದಾರೆ, ವಿಜಯನಗರದ ಕಾಲದ ಕಾಲುವೆಗಳು ಗದ್ದೆಗಳಿಗೂ ಬಾಳೆದೋಟಗಳಿಗೂ ಇಂದಿಗೂ ನೀರುಣಿಸುತ್ತಿವೆ. ನದಿಯ ಆಚೆ ದಡದ ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿ, 1999ರಲ್ಲಿ ಸೇತುವೆಗಳ ನಿರ್ಮಾಣದ ದೆಸೆಯಿಂದ ಅಪಾಯದ ಪಟ್ಟಿಗೂ ಸಂದು, 2006ರಲ್ಲಿ ಅದರಿಂದ ವಿಮುಕ್ತವಾದ ವೃತ್ತಾಂತವು, ಸಂರಕ್ಷಿತ ಪ್ರದೇಶದ ಎಲ್ಲೆಯ ಪ್ರಶ್ನೆ ಎಷ್ಟು ಗಹನವಾದುದೆಂಬುದನ್ನು ನಮಗೆ ಮನಗಾಣಿಸಿದೆ. ಸ್ಮಾರಕ ಸಂರಕ್ಷಣೆಯ ಕುರಿತ ಕೇಂದ್ರದ 1958ರ ಶಾಸನವು, 2010ರ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ವಿಧಿಸುತ್ತದೆ; ಆದರೆ ಎಲ್ಲ ಊರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದಂತಿರುವ ಈ ಕ್ರಮವು, ಮಂಟಪದ ನೆರೆಯಲ್ಲಿರುವ ಬಡವನ ಸೋರುವ ಮಾಳಿಗೆಯ ದುರಸ್ತಿಗೆ ಅನುಜ್ಞೆಯನ್ನು ಅಪೇಕ್ಷಿಸುತ್ತದೆಯೇ ಹೊರತು, ದೂರದ ಬಂಡೆಯ ಬೆಟ್ಟವನ್ನಾಗಲಿ ಪುರಾತನ ಕಾಲುವೆಯ ಏರಿಯನ್ನಾಗಲಿ ತಾನಾಗಿ ಕಾಯಲಾರದು. ಸ್ಮಾರಕಗಳೊಡನೆ ಅವುಗಳ ಪರಿಸರವನ್ನೂ ಕಾಯಲೆಂದು ಹಂಪೆಗೆ 2002ರಲ್ಲೇ ಪ್ರತ್ಯೇಕ ಪ್ರಾಧಿಕಾರದ ಶಾಸನವಾಗಿತ್ತು. ಆದುದರಿಂದ ಆನೆಗೊಂದಿಯಲ್ಲಿ ಎಲ್ಲೆಯ ಪುನರ್ವಿಮರ್ಶೆಯೆಂದರೆ ನಕ್ಷೆಯ ಮೇಲೆ ಗೆರೆಯನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಕಾರ್ಯವಷ್ಟೇ ಆಗದೆ, ಅಧಿಕಾರಿಗಳು ಗ್ರಾಮಸ್ಥರೊಡನೆ ಗಡಿಯುದ್ದಕ್ಕೂ ನಡೆದು, ಯಾವುದನ್ನು ಏತಕ್ಕಾಗಿ ಒಳಗಿರಿಸಲಾಯಿತು, ಯಾವುದನ್ನು ಏತಕ್ಕಾಗಿ ಹೊರಗಿಡಲಾಯಿತು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು ಗ್ರಾಮಸಭೆಯ ಮುಂದಿಡುವ ಕಾರ್ಯವಾಗಬೇಕು. ಊರವರು ಒಪ್ಪಿ ಕಾಯದ ಎಲ್ಲೆಯನ್ನು ಯಾವ ಶಾಸನವೂ ಬಹುಕಾಲ ಕಾಯಲಾರದು.